ಮನೆಮಾತು ಬೇರೆಯಾದ ಮಗು ಕನ್ನಡ ಶಾಲೆಗೆ ಬಂದಾಗ: ಶಿಕ್ಷಕರಿಗೂ ಎಸ್‌ಡಿಎಂಸಿ ಸದಸ್ಯರಿಗೂ ಒಂದು ಕೈಪಿಡಿ

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್, ಸರ್ಜಾಪುರ ಸುತ್ತಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಂದು ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಉತ್ತರ ಪ್ರದೇಶ ಮತ್ತು ನೇಪಾಳದಿಂದ ದುಡಿಮೆಗೆಂದು ಬಂದವರ ಮಕ್ಕಳು ಕಲಿಯುತ್ತಿದ್ದಾರೆ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ಬಂದಿರುವುದರಿಂದ ಅಲ್ಲಿನ ಪುಟ್ಟ ಶಾಲೆಗಳ ಮೇಲೂ ಇದೇ ಜವಾಬ್ದಾರಿ ಬಿದ್ದಿದೆ. ಈ ಮಕ್ಕಳಲ್ಲಿ ಅನೇಕರು ಶಾಲೆಯ ಬಾಗಿಲಿಗೆ ಬಂದ ದಿನ ಕನ್ನಡದ ಒಂದು ಮಾತನ್ನೂ ಅರಿಯರು. ಅವರನ್ನು ಬರಮಾಡಿಕೊಳ್ಳುವ ಶಿಕ್ಷಕರು, ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ವಿವರಿಸಿದೆ.

ಎಲ್ಲ ಸಲಹೆಗಳಿಗೂ ಬುನಾದಿಯಾದ ಒಂದು ಮಾತನ್ನು ಮೊದಲೇ ಹೇಳುವುದು ಒಳ್ಳೆಯದು. ಕನ್ನಡ ಬಾರದ ಮಗುವನ್ನು ಏನೂ ಬಾರದ ಮಗುವೆಂದು ಎಣಿಸಬಾರದು. ಹತ್ತು ವರ್ಷದ ಹುಡುಗಿಗೆ ಭಾಗಾಕಾರ ಗೊತ್ತಿರಬಹುದು, ಒಡಿಯಾ ಪುಸ್ತಕವನ್ನು ತಡವರಿಸದೆ ಓದಲು ಬರಬಹುದು, ತಮ್ಮನನ್ನು ನೋಡಿಕೊಂಡು ಅಡುಗೆ ಮಾಡಿಟ್ಟು ಶಾಲೆಗೆ ಬರುವಷ್ಟು ಬುದ್ಧಿ ಬಲಿತಿರಬಹುದು. ಅವಳಿಗೆ ಇಲ್ಲದಿರುವುದು ಕನ್ನಡವೊಂದೇ. ಆದ್ದರಿಂದ ಮಗು ಏನನ್ನು ಬಲ್ಲದು ಎಂಬುದನ್ನು ಒಂದು ಕಡೆ, ಅದಕ್ಕೆ ಕನ್ನಡ ಎಷ್ಟು ಬರುತ್ತದೆ ಎಂಬುದನ್ನು ಇನ್ನೊಂದು ಕಡೆ ಅಳೆಯಬೇಕು. ಇವೆರಡನ್ನು ಬೆರೆಸಿದಲ್ಲಿಂದಲೇ ನಮ್ಮ ಶಾಲೆಗಳಲ್ಲಿ ಈ ಮಕ್ಕಳ ಹಿನ್ನಡೆ ಆರಂಭವಾಗುತ್ತದೆ.

ಮನೆಮಾತು ಬೇರೆ, ಶಾಲೆಯ ಮಾತು ಬೇರೆ ಎಂಬುದು ಕರ್ನಾಟಕಕ್ಕೆ ಹೊಸತೇನಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಹೇಳಿಕೊಂಡವರು ಸುಮಾರು ಮೂರನೇ ಎರಡು ಭಾಗದಷ್ಟು ಜನ. ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ, ಉರ್ದು, ತೆಲುಗು, ಮರಾಠಿ ಮನೆಗಳಿಂದ ಬಂದ ಮಕ್ಕಳಿಗೆ ಕನ್ನಡ ಕಲಿಸಿದ ಅನುಭವ ನಮ್ಮ ಶಿಕ್ಷಕರಲ್ಲಿ ತಲೆಮಾರುಗಳಿಂದ ಇದೆ. ಆದರೆ ತುಳು ಮನೆಯ ಮಗು ಅಂಗಡಿಯಲ್ಲಿ, ಬಸ್ಸಿನಲ್ಲಿ, ಜಾತ್ರೆಯಲ್ಲಿ ಕನ್ನಡವನ್ನು ಕೇಳುತ್ತಲೇ ಬೆಳೆದಿರುತ್ತದೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದೇ ಊರಿನವರ ನಡುವೆ ಬದುಕುವ ಮಗುವಿಗೆ ಶಾಲೆಯೊಂದೇ ಕನ್ನಡ ಕಿವಿಗೆ ಬೀಳುವ ಜಾಗ. ಹಾಗಾಗಿ ಹಳೆಯ ಅನುಭವದ ಮೇಲೆ ಇನ್ನಷ್ಟು ಯೋಜನೆಯನ್ನು ಕಟ್ಟಬೇಕಾಗುತ್ತದೆ.

ದಾಖಲಾತಿಯ ದಿನ

ವರ್ಗಾವಣೆ ಪತ್ರ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಶಾಲೆ ಆರಂಭವಾಗಿ ತಿಂಗಳುಗಳು ಕಳೆದಿವೆ ಎಂಬ ಕಾರಣಗಳಿಂದ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ, 14ನೆಯ ಮತ್ತು 15ನೆಯ ಪ್ರಕರಣಗಳು ಕ್ರಮವಾಗಿ ಈ ಮೂರು ನೆಪಗಳನ್ನೂ ತಳ್ಳಿಹಾಕಿವೆ. ಎಸ್‌ಡಿಎಂಸಿ ಸದಸ್ಯರು ಇದನ್ನು ತಿಳಿದಿರಬೇಕು, ಏಕೆಂದರೆ ಕಾಗದಪತ್ರವಿಲ್ಲದ ತಂದೆತಾಯಿ ಶಾಲೆಯ ಗೇಟಿನಿಂದ ಸದ್ದಿಲ್ಲದೆ ಮರಳಿಬಿಡುತ್ತಾರೆ ಮತ್ತು ಎರಡನೆಯ ಸಲ ಕೇಳುವ ಧೈರ್ಯ ಮಾಡುವುದಿಲ್ಲ.

ಯಾವ ತರಗತಿಗೆ ಸೇರಿಸಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಕನ್ನಡ ಬಾರದೆಂಬ ಒಂದೇ ಕಾರಣಕ್ಕೆ ಹತ್ತು ವರ್ಷದ ಮಗುವನ್ನು ಒಂದನೆಯ ತರಗತಿಯ ಮಕ್ಕಳ ನಡುವೆ ಕೂರಿಸುವುದು ಈಗಲೂ ಅಲ್ಲಲ್ಲಿ ನಡೆಯುತ್ತಿದೆ, ಮತ್ತು ಇದು ಅತ್ಯಂತ ಹಾನಿಕರವಾದ ನಿರ್ಧಾರವೆಂದು ನಾನು ದೃಢವಾಗಿ ಹೇಳುತ್ತೇನೆ. ಕಾಯ್ದೆಯ 4ನೆಯ ಪ್ರಕರಣ ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆಂದು ಹೇಳುತ್ತದೆ. ಓರಗೆಯವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಕೇಂದ್ರದ ಮಾದರಿ ನಿಯಮಗಳಲ್ಲಿ ಈ ತರಬೇತಿಯ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಒಂದನೆಯ ತರಗತಿಯಲ್ಲಿ ಕೂತ ದೊಡ್ಡ ಮಗುವಿಗೆ ಅಕ್ಷರ ಸಿಗಬಹುದು. ಓರಗೆಯ ಗೆಳೆಯರು ಸಿಗುವುದಿಲ್ಲ. ಮಕ್ಕಳು ಮಾತನ್ನು ಬೇಗ ಕಲಿಯುವುದು ಓರಗೆಯವರಿಂದಲೇ.

ಅಂದೇ ಕೇಳಿ ಬರೆದಿಟ್ಟುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಮನೆಮಾತು ಯಾವುದೆಂದು ಕೇಳಿದರೆ ಬಿಹಾರದ ಬಹುತೇಕ ತಂದೆತಾಯಿ ‘ಹಿಂದಿ’ ಎಂದುಬಿಡುತ್ತಾರೆ, ಆದರೆ ಮನೆಯಲ್ಲಿ ಆಡುವುದು ಭೋಜಪುರಿಯೋ ಮೈಥಿಲಿಯೋ ಮಗಹಿಯೋ ಆಗಿರುತ್ತದೆ. ಜಾರ್ಖಂಡಿನವರ ಮನೆಮಾತು ಸಂತಾಲಿ ಆಗಿರಬಹುದು. ‘ಊರಿಗೆ ಫೋನ್ ಮಾಡಿದಾಗ ಅಜ್ಜಿಯ ಜೊತೆ ಯಾವ ಮಾತಾಡುತ್ತೀರಿ?’ ಎಂದು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ. ಮಗು ಯಾವ ಲಿಪಿಯನ್ನು ಓದಬಲ್ಲದು, ಹಿಂದೆ ಎಷ್ಟನೆಯ ತರಗತಿಯವರೆಗೆ ಯಾವ ಮಾಧ್ಯಮದಲ್ಲಿ ಓದಿದೆ, ನಡುವೆ ಎಷ್ಟು ಕಾಲ ಶಾಲೆ ಬಿಟ್ಟಿತ್ತು ಎಂಬುದನ್ನೂ ತಿಳಿಯಬೇಕು. ಬಳಿಕ ಮಾತಿಲ್ಲದ ಲೆಕ್ಕಗಳನ್ನು, ಅಂದರೆ ಬರೀ ಅಂಕಿಗಳಲ್ಲಿರುವ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರಗಳನ್ನು ಕೊಟ್ಟು ನೋಡಬೇಕು. ಹಿಂದಿ ಅಥವಾ ಬಂಗಾಳಿ ಪುಸ್ತಕದ ಪುಟವೊಂದನ್ನು ಮೊಬೈಲಿನಲ್ಲಿ ತೆರೆದು ಓದಲು ಕೊಡಬೇಕು. ಶಿಕ್ಷಕರಿಗೆ ಆ ಭಾಷೆ ಬಾರದಿದ್ದರೂ ಮಗು ಸರಾಗವಾಗಿ ಓದುತ್ತಿದೆಯೋ ತಡವರಿಸುತ್ತಿದೆಯೋ ಎಂಬುದು ಕಿವಿಗೆ ತಿಳಿಯುತ್ತದೆ.

ಹೆಸರಿನ ಬಗ್ಗೆಯೂ ಎಚ್ಚರ ಬೇಕು. ತಂದೆತಾಯಿ ಹೇಗೆ ಕರೆಯುತ್ತಾರೋ ಹಾಗೆಯೇ ಕರೆಯಲು ಕಲಿಯಬೇಕು, ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ದಾಖಲೆಯಲ್ಲಿ ಒಂದೇ ಬರಹ ಇರುವಂತೆ ನೋಡಿಕೊಳ್ಳಬೇಕು. ಮಗುವನ್ನು ‘ಬಿಹಾರಿ’, ‘ನೇಪಾಳಿ’, ‘ಹಿಂದಿಯವಳು’ ಎಂದು ಕರೆಯಲು ತರಗತಿಯಲ್ಲಿ ಯಾರಿಗೂ ಅವಕಾಶ ಕೊಡಬಾರದು, ಶಿಕ್ಷಕರಿಗಂತೂ ಕೂಡದು.

ಮೌನದ ವಾರಗಳು

ಹೊಸ ಭಾಷೆಯ ನಡುವೆ ಬಂದ ಮಗು ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತನಾಡದೆ ಇರಬಹುದು. ಈ ಅವಧಿಯಲ್ಲಿ ಅದು ಕೇಳುತ್ತಿರುತ್ತದೆ, ಯಾವ ಸದ್ದಿಗೆ ಯಾವ ಕೆಲಸ ನಡೆಯುತ್ತದೆಂದು ಗಮನಿಸುತ್ತಿರುತ್ತದೆ. ನಿಲ್ಲಿಸಿ ‘ಹೇಳು, ಹೇಳು’ ಎಂದು ಒತ್ತಾಯಿಸಿದರೆ ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ಮಾತಾಡಿಸದೆಯೂ ಅರ್ಥವಾಗಿದೆಯೇ ಎಂದು ತಿಳಿಯುವ ದಾರಿ ಇದೆ: ಮೈಯಿಂದ ಮಾಡಿ ತೋರಿಸುವ ಸೂಚನೆಗಳು. ‘ಕಿಟಕಿ ತೆಗೆ’, ‘ಕೆಂಪು ಬಳಪ ಕೊಡು’, ‘ಮೂರು ಹೆಜ್ಜೆ ಮುಂದೆ ಬಾ’, ‘ಪುಸ್ತಕ ಬೆಂಚಿನ ಕೆಳಗೆ ಇಡು’ ಎಂದಾಗ ಇಡೀ ತರಗತಿಯೂ ಮಾಡಲಿ, ಹೊಸ ಮಗುವೂ ನೋಡಿಕೊಂಡು ಮಾಡಲಿ. ಕನ್ನಡದಲ್ಲಿ ಏಕವಚನದ ಆಜ್ಞೆ ಬಹುಪಾಲು ಕ್ರಿಯಾಪದದ ಮೂಲರೂಪವೇ ಆಗಿರುವುದರಿಂದ ಕೊಡು, ಇಡು, ತೆಗೆ, ಓದು, ಬರೆ ಎಂಬ ರೂಪಗಳು ಮೊದಲೇ ಕಿವಿಯಲ್ಲಿ ನೆಲೆಸಿದರೆ ಮುಂದೆ ಕೊಡುತ್ತೇನೆ, ಕೊಡಲಿಲ್ಲ, ಕೊಡಬೇಕು ಎಂಬುವನ್ನು ಅವುಗಳ ಮೇಲೆಯೇ ಬೆಳೆಸಬಹುದು. ‘ಬಾ’ ಮತ್ತು ‘ತಾ’ ಎಂಬ ಎರಡು ಮಾತ್ರ ಬರು, ತರು ಎಂದು ಬದಲಾಗುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಸಬೇಕು.

ಮಗು ತಾನಾಗಿ ಆಡಬೇಕಾದ ಮೊದಲ ಮಾತುಗಳನ್ನು ಪಠ್ಯಪುಸ್ತಕದಿಂದ ಆರಿಸಬಾರದು, ಅದರ ಅಗತ್ಯದಿಂದ ಆರಿಸಬೇಕು. ನೀರು ಬೇಕು, ಹೊರಗೆ ಹೋಗಬೇಕು, ಹೊಟ್ಟೆ ನೋಯುತ್ತಿದೆ, ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳಿ, ಇದು ಏನು, ನನ್ನದು ಕಳೆದುಹೋಯಿತು, ಅವನು ಹೊಡೆದ ಎಂಬ ಮಾತುಗಳನ್ನು ಮೊದಲ ವಾರದಲ್ಲೇ ಕಲಿಸಬೇಕು. ಶೌಚಕ್ಕೆ ಹೋಗಬೇಕೆಂದು ಹೇಳಲಾರದೆ ಸಂಕಟಪಡುವ ಮಗು ಶಾಲೆಯನ್ನೇ ಬಿಡಬಹುದು.

ಬೇಕು, ಬೇಡ, ಸಾಕು, ಗೊತ್ತು, ಇಷ್ಟ, ಆಯ್ತು ಎಂಬ ಪದಗಳು ಹೊಸ ಕಲಿಯುವವರಿಗೆ ಕನ್ನಡ ಕೊಟ್ಟ ದೊಡ್ಡ ಅನುಕೂಲ. ನನಗೆ ಬೇಕು, ನಿನಗೆ ಬೇಕು, ಅವಳಿಗೆ ಬೇಕು, ಅವರಿಗೆ ಬೇಕು: ಆಡುವವರು ಯಾರಾದರೂ ಪದ ಬದಲಾಗುವುದಿಲ್ಲ. ಹಿಂದಿಯ ‘ಮುಝೇ ಚಾಹಿಯೇ’ ಎಂಬುದರ ಕಟ್ಟಣೆಯೂ ಇದೇ ಆಗಿರುವುದರಿಂದ ಆ ಮಗು ಇದನ್ನು ತಟ್ಟನೆ ಹಿಡಿಯುತ್ತದೆ. ಈ ಮಾತುಗಳಿಗೆ ಬಿಸಿಯೂಟದ ಸಾಲಿಗಿಂತ ಒಳ್ಳೆಯ ಪಾಠದ ಕೋಣೆ ಇಲ್ಲ. ಅಡುಗೆಯವರು ಪ್ರತಿದಿನ ‘ಅನ್ನ ಬೇಕಾ? ಸಾಕಾ? ಇನ್ನೂ ಸ್ವಲ್ಪ ಸಾರು ಹಾಕಲಾ?’ ಎಂದು ಕೇಳಿ, ಉತ್ತರ ಬರುವವರೆಗೆ ಸೌಟನ್ನು ಹಿಡಿದು ನಿಲ್ಲುವಂತೆ ಮುಖ್ಯ ಶಿಕ್ಷಕರು ಅವರನ್ನು ಕೋರಿಕೊಳ್ಳಬಹುದು. ತರಗತಿಯಲ್ಲಿ ಬಾಯಿ ಬಿಡದ ಎಷ್ಟೋ ಮಕ್ಕಳು ಮೊದಲ ಕನ್ನಡವನ್ನು ಅಲ್ಲಿ ಆಡುತ್ತಾರೆ.

ಇನ್ನೊಂದು ವಿಷಯ. ಸಹಪಾಠಿಗಳಿಂದ ಕಲಿತ ಮಗು ಶಿಕ್ಷಕಿಗೂ ‘ನೀನು ಬಾ’ ಎನ್ನುತ್ತದೆ. ಅದು ಅಗೌರವವಲ್ಲ, ಅದಕ್ಕೆ ಗೊತ್ತಿರುವ ರೂಪ ಅದೊಂದೇ. ‘ನೀವು ಬನ್ನಿ, ನೀವು ಹೇಳಿ’ ಎಂದು ನಗುಮುಖದಿಂದ ಮರುನುಡಿದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಯಾವ ಮನೆಮಾತಿನ ಮಗುವಿಗೆ ಏನು ಕಷ್ಟ, ಏನು ಸುಲಭ

ಈ ಭಾಗವನ್ನು ತುಸು ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ತಪ್ಪು ಎಲ್ಲಿಂದ ಬರುತ್ತಿದೆ ಎಂದು ತಿಳಿದ ಶಿಕ್ಷಕರಿಗೆ ಸಿಟ್ಟು ಬರುವುದಿಲ್ಲ, ತಿದ್ದುವ ದಾರಿಯೂ ಕಾಣುತ್ತದೆ. ಮೊದಲು ಸಮಾಧಾನದ ಸಂಗತಿ: ಹಿಂದಿ, ಬಂಗಾಳಿ, ಒಡಿಯಾ, ನೇಪಾಳಿ ಎಲ್ಲದರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ಕನ್ನಡದ ವಿಭಕ್ತಿ ಪ್ರತ್ಯಯಗಳ ಕೆಲಸವನ್ನು ಮಾಡುವ ಪದಗಳೂ ಪ್ರತ್ಯಯಗಳೂ ನಾಮಪದದ ನಂತರವೇ ಬರುತ್ತವೆ. ಆದ್ದರಿಂದ ಪದಗಳ ಕ್ರಮವನ್ನು ಕಲಿಸಲು ಹೊತ್ತು ಕಳೆಯಬೇಕಾಗಿಲ್ಲ.

ಶಾಲೆಯಲ್ಲಿ ಹಿಂದಿ ಓದಿ ಬಂದ ಮಗುವಿಗೆ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳ ವ್ಯತ್ಯಾಸ ಕೇಳಿಸುವುದೇ ಇಲ್ಲ, ಹಿಂದಿಯ ಬರವಣಿಗೆಯಲ್ಲಿ ಆ ಭೇದವಿಲ್ಲ. ಬೆಳೆ–ಬೇಳೆ, ಬೆರೆ–ಬೇರೆ, ಕೊಡು–ಕೋಡು ಎಂಬಂಥ ಜೋಡಿಗಳನ್ನು ಚಿತ್ರಗಳೊಂದಿಗೆ ಕೇಳಿಸಿ, ಯಾವುದನ್ನು ಹೇಳಿದೆನೆಂದು ಬೆರಳಿಟ್ಟು ತೋರಿಸಲು ಹೇಳಬೇಕು. ಕೇಳಿ ಗುರುತಿಸುವುದು ಬಂದ ಮೇಲಷ್ಟೇ ಆಡಲು ಕೇಳಬೇಕು. ಬಂಗಾಳಿ ಮತ್ತು ಒಡಿಯಾ ಮಕ್ಕಳಿಗೆ ಇನ್ನೂ ಮುಂದೆ ಹೋಗಿ ಇ–ಈ, ಉ–ಊಗಳ ಭೇದವೂ ಹೊಸತು, ಅವರ ಮಾತಿನಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವುದಿಲ್ಲ. ಗಣಿತದ ತರಗತಿಯಲ್ಲಿ ‘ಕೂಡಿ’ ಎಂದದ್ದು ಅವರಿಗೆ ‘ಕುಡಿ’ ಎಂದು ಕೇಳಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಳಕಾರ ಹಿಂದಿ, ಬಂಗಾಳಿ ಮಕ್ಕಳಿಗೆ ಕಷ್ಟ, ಹುಳಿಯನ್ನು ಹುಲಿ ಎನ್ನುತ್ತಾರೆ. ಒಡಿಯಾ ಮತ್ತು ಮರಾಠಿಯಲ್ಲಿ ಳ ಇರುವುದರಿಂದ ಆ ಮಕ್ಕಳಿಗೆ ತೊಡಕಿಲ್ಲ. ಒಡಿಯಾ ಮಗುವನ್ನೇ ಈ ಪಾಠಕ್ಕೆ ಮುಂದಾಳಾಗಿ ನಿಲ್ಲಿಸಿದರೆ ಅದರ ಮುಖದಲ್ಲಿ ಮೂಡುವ ಹೆಮ್ಮೆಯೇ ಬೇರೆ. ಬಂಗಾಳಿ ಮಗು ವಾರವನ್ನು ‘ಬಾರ’ ಎಂದೂ ಸಾರನ್ನು ‘ಶಾರು’ ಎಂದೂ ಹೇಳಬಹುದು. ಒಡಿಯಾ ಮಗು ಶಾಲೆಯನ್ನು ‘ಸಾಲೆ’ ಎನ್ನುತ್ತದೆ. ನಮ್ಮ ಉತ್ತರ ಕರ್ನಾಟಕದ ಮಕ್ಕಳೂ ಮನೆಯಲ್ಲಿ ‘ಸಾಲಿ’ ಎನ್ನುತ್ತಾರೆ, ಆದ್ದರಿಂದ ಇದನ್ನು ತಿದ್ದುವ ಅವಸರ ಬೇಡ. ಒತ್ತಕ್ಷರದ ಒತ್ತನ್ನು ಬಿಟ್ಟರೆ ಕತ್ತೆ ಕತೆಯಾಗುವುದನ್ನು ಮಾತ್ರ ಬೇಗ ತಿದ್ದಬೇಕು.

ಲಿಂಗದ ವಿಚಾರದಲ್ಲಿ ಎರಡು ಬಗೆಯ ತಪ್ಪುಗಳು ಕಾಣುತ್ತವೆ. ಹಿಂದಿಯಲ್ಲಿ ಬಸ್ಸು, ಕುರ್ಚಿ, ಪುಸ್ತಕಗಳೆಲ್ಲ ಸ್ತ್ರೀಲಿಂಗವಾದ್ದರಿಂದ ಮಗು ‘ಬಸ್ ಬಂದಳು’ ಎನ್ನಬಹುದು. ಬಂಗಾಳಿ ಮತ್ತು ಒಡಿಯಾದ ಕ್ರಿಯಾಪದದಲ್ಲಿ ಲಿಂಗಭೇದವೇ ಇಲ್ಲದ್ದರಿಂದ ಆ ಮಗು ‘ಅಕ್ಕ ಬಂದ’ ಎನ್ನುತ್ತದೆ. ಮನುಷ್ಯರಿಗೆ ಬಂದನು, ಬಂದಳು; ಉಳಿದ ಎಲ್ಲಕ್ಕೂ ಬಂತು ಎಂಬ ಕನ್ನಡದ ನಿಯಮ ಹಿಂದಿಯದಕ್ಕಿಂತ ಬಹಳ ಸರಳ, ಅದನ್ನು ಆಟದ ಮೂಲಕ ಕಲಿಸಬಹುದು.

‘ಇಲ್ಲ’ ಮತ್ತು ‘ಅಲ್ಲ’ಗಳನ್ನು ಹಿಂದಿಯ ಮಗು ಒಂದಕ್ಕೆ ಬದಲಾಗಿ ಇನ್ನೊಂದನ್ನು ಬಳಸುತ್ತದೆ, ಅದರ ಭಾಷೆಯಲ್ಲಿ ಎರಡಕ್ಕೂ ‘ನಹೀಂ’ ಒಂದೇ. ಬಂಗಾಳಿಯಲ್ಲೂ ಒಡಿಯಾದಲ್ಲೂ ಇವೆರಡಕ್ಕೆ ಬೇರೆ ಬೇರೆ ಪದಗಳಿವೆ. ಹಾಗೆಯೇ ಹಿಂದಿಯ ‘ಹೈ’ ಅಭ್ಯಾಸದಿಂದ ‘ಇದು ಪುಸ್ತಕ ಇದೆ’ ಎಂಬ ವಾಕ್ಯ ಬರುತ್ತದೆ. ಇವನ್ನೆಲ್ಲ ನಿಯಮ ಹೇಳಿ ತಿದ್ದುವುದಕ್ಕಿಂತ, ಮಗು ಹೇಳಿದ ಮಾತನ್ನೇ ಸರಿಯಾದ ರೂಪದಲ್ಲಿ ಹೇಳಿ ಮಾತುಕತೆ ಮುಂದುವರಿಸುವುದು ಒಳ್ಳೆಯದು. ‘ಹೌದು, ಇದು ಪುಸ್ತಕ. ಯಾರ ಪುಸ್ತಕ?’ ಎಂದರೆ ಸಾಕು. ತರಗತಿಯ ಮುಂದೆ ತಪ್ಪನ್ನು ಎತ್ತಿ ಆಡಿದರೆ ಮಗು ಮತ್ತೆ ಮೌನಕ್ಕೆ ಮರಳುತ್ತದೆ.

ಅಕ್ಷರ ಕಲಿಸುವಾಗ

ಯಾವ ಲಿಪಿಯನ್ನೂ ಅರಿಯದ ಚಿಕ್ಕ ಮಕ್ಕಳಿಗೆ ನಲಿ-ಕಲಿಯ ದಾರಿ ಚೆನ್ನಾಗಿ ಒದಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಅಕ್ಷರಗಳನ್ನು ಅ, ಆ, ಇ, ಈ ಎಂಬ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂಬ ಗುಂಪಿನಿಂದ ಶುರುಮಾಡುತ್ತಾರೆ. ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಆದರೆ ಕನ್ನಡದ ಮಗುವಿಗೆ ಈ ಪದಗಳ ಅರ್ಥ ಮೊದಲೇ ಗೊತ್ತಿರುತ್ತದೆ, ಹೊಸ ಮಗುವಿಗೆ ಗೊತ್ತಿರುವುದಿಲ್ಲ. ಅದು ‘ಗರಗಸ’ ಎಂದು ಸರಿಯಾಗಿ ಓದಿದರೂ ಬರೀ ಸದ್ದನ್ನು ಓದಿರುತ್ತದೆ. ಹಾಗಾಗಿ ಪ್ರತಿಯೊಂದು ಪದವನ್ನೂ ವಸ್ತು ತೋರಿಸಿ, ಚಿತ್ರ ತೋರಿಸಿ, ಆಡಿಸಿ, ಅನಂತರವೇ ಓದಿಸಬೇಕು. ನಲಿ-ಕಲಿಯಲ್ಲಿ ಮಕ್ಕಳು ಕೂರುವ ಐದು ಗುಂಪುಗಳಲ್ಲಿ ಶಿಕ್ಷಕರ ನೆರವಿನ ಗುಂಪಿನಲ್ಲೂ ಸಹಪಾಠಿಗಳ ನೆರವಿನ ಗುಂಪಿನಲ್ಲೂ ಇಂಥ ಮಗುವಿಗೆ ಹೆಚ್ಚು ಹೊತ್ತು ಸಿಗಲಿ. ಸ್ವಕಲಿಕೆಯ ಗುಂಪಿಗೆ ಕಳುಹಿಸುವುದು ನಿಧಾನವಾದರೂ ಚಿಂತೆಯಿಲ್ಲ.

ದೇವನಾಗರಿ, ಬಂಗಾಳಿ ಅಥವಾ ಒಡಿಯಾ ಲಿಪಿ ಓದಬಲ್ಲ ದೊಡ್ಡ ಮಕ್ಕಳ ದಾರಿಯೇ ಬೇರೆ. ಇವೆಲ್ಲ ಬ್ರಾಹ್ಮಿಯಿಂದ ಬಂದ ಲಿಪಿಗಳು; ವರ್ಣಮಾಲೆಯ ಕ್ರಮವೂ ವ್ಯಂಜನಕ್ಕೆ ಸ್ವರಚಿಹ್ನೆ ಸೇರಿಸುವ ಕಾಗುಣಿತದ ಕಲ್ಪನೆಯೂ ಒಂದೇ. ಅವರನ್ನು ಒಂದನೆಯ ತರಗತಿಯ ಪುಸ್ತಕದ ಮುಂದೆ ಕೂರಿಸದೆ, ಎರಡು ಲಿಪಿಗಳ ಅಕ್ಷರಗಳನ್ನು ಎದುರುಬದುರು ಬರೆದ ಪಟ್ಟಿಯನ್ನು ಕೊಟ್ಟರೆ ಕಲಿಕೆ ಬಹಳ ಬೇಗ ಸಾಗುತ್ತದೆ. ಎಚ್ಚರ ಬೇಕಾದ ಕಡೆಗಳು ಕೆಲವೇ. ಕೊ ಮತ್ತು ಕೋ ನಡುವೆ ಇರುವ ದೀರ್ಘದ ಗುರುತನ್ನು ದೇವನಾಗರಿ ಓದಿದ ಮಗು ಗಮನಿಸದೆ ದಾಟಿಬಿಡುತ್ತದೆ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾದರೆ ಕನ್ನಡದಲ್ಲಿ ಎರಡನೆಯದು ಕೆಳಗಿಳಿಯುತ್ತದೆ, ಸ್ವರಚಿಹ್ನೆ ಮಾತ್ರ ಮೇಲಿನ ಅಕ್ಷರಕ್ಕೇ ಅಂಟಿರುತ್ತದೆ. ಆದ್ದರಿಂದ ‘ಅಕ್ಕಿ’ಯನ್ನು ಮಗು ‘ಅಕಿಕ’ ಎಂದು ಓದುವುದು ಸಹಜ. ಒತ್ತಕ್ಷರಗಳಿಗೆ ಮೀಸಲಾದ ಒಂದೆರಡು ವಾರಗಳ ಅಭ್ಯಾಸ ಇದ್ದರೆ ಈ ತೊಡಕು ಬಿಡುತ್ತದೆ.

ಬೀದಿಯ ಕನ್ನಡ ಬಂತು, ಪಾಠದ ಕನ್ನಡ?

ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಒಂದು ಮುಖ್ಯವಾದ ಭೇದವನ್ನು ಮುಂದಿಟ್ಟರು. ದಿನಬಳಕೆಯ ಮಾತಿನ ಸಾಮರ್ಥ್ಯವೇ ಬೇರೆ, ಪಾಠ ಓದಿ ಅರ್ಥಮಾಡಿಕೊಂಡು ಬರೆಯುವ ಭಾಷೆಯ ಸಾಮರ್ಥ್ಯವೇ ಬೇರೆ. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು ಎರಡು ವರ್ಷಗಳಲ್ಲಿ ದಕ್ಕಿದರೆ, ಎರಡನೆಯದರಲ್ಲಿ ಓರಗೆಯವರನ್ನು ಸಮಗಟ್ಟಲು ಐದರಿಂದ ಏಳು ವರ್ಷಗಳು ಬೇಕಾಗುತ್ತವೆಂದು ಅವರು ತೋರಿಸಿಕೊಟ್ಟರು. ನಮ್ಮ ಶಾಲೆಗಳಲ್ಲಿ ಇದನ್ನು ಅರಿಯದೆ ಆಗುವ ಅನ್ಯಾಯ ಬಹಳ. ಮೈದಾನದಲ್ಲಿ ಪಟಪಟನೆ ಕನ್ನಡ ಆಡುವ ಹುಡುಗ ಸಮಾಜ ವಿಜ್ಞಾನದ ಉತ್ತರ ಬರೆಯದಿದ್ದರೆ ‘ಇವನಿಗೆ ಭಾಷೆ ಬರುತ್ತದೆ, ಓದುವ ಮನಸ್ಸಿಲ್ಲ’ ಎಂದು ತೀರ್ಮಾನಿಸುತ್ತೇವೆ. ಅವನು ಕಲಿತದ್ದು ‘ಹೋಗ್ತೀನಿ, ಬರ್ತೀನಿ’ಯ ಕನ್ನಡ, ಪುಸ್ತಕದಲ್ಲಿರುವುದು ‘ಆವಿಯಾಗುವುದರಿಂದ ತಂಪಾಗುತ್ತದೆ’ ಎಂಬ ಕನ್ನಡ. ಈ ಎರಡರ ನಡುವಿನ ದೂರವನ್ನು ಕನ್ನಡ ಮನೆಯ ಮಕ್ಕಳೂ ನಡೆದೇ ದಾಟಬೇಕು, ಇವನಿಗೆ ಅದು ಇನ್ನೂ ದೂರ. ಆದ್ದರಿಂದ ಭಾಷಾ ನೆರವನ್ನು ಮಗು ಮಾತಾಡಲು ಶುರುಮಾಡಿದ ಕೂಡಲೆ ನಿಲ್ಲಿಸಬಾರದು.

ಪಾಠದ ಭಾಷೆ ಎಲ್ಲ ಕಡೆಯೂ ಕಷ್ಟವೆಂದು ಭಾವಿಸಬೇಕಾಗಿಲ್ಲ. ಭೂಮಿ, ಸೂರ್ಯ, ಗ್ರಹ, ವಾಯು, ಬೀಜ, ರಕ್ತ, ಹೃದಯ, ತ್ರಿಭುಜ, ವೃತ್ತ, ಇತಿಹಾಸ, ಸಂವಿಧಾನ ಎಂಬಂಥ ಸಂಸ್ಕೃತ ಮೂಲದ ಪದಗಳು ಹಿಂದಿ, ಬಂಗಾಳಿ, ಒಡಿಯಾ ಪಠ್ಯಪುಸ್ತಕಗಳಲ್ಲೂ ಇವೆ. ಕನ್ನಡದ ಹಳ್ಳಿಯ ಮಗುವಿಗೆ ಹೊಸದೆನಿಸುವ ‘ಹೃದಯ’, ಹಿಂದಿ ಓದಿ ಬಂದ ಮಗುವಿಗೆ ಪರಿಚಿತ. ಆ ಮಗು ಎಡವುವುದು ಗುಂಡಿಗೆ, ನೆಲ, ಗಾಳಿ, ನೆತ್ತರುಗಳಲ್ಲಿ. ಹೊಸ ಪಾಠಕ್ಕೆ ಮೊದಲು ಇಂಥ ಪರಿಚಿತ ಪದಗಳನ್ನು ಹಲಗೆಯ ಮೇಲೆ ಬರೆದರೆ ಮಗುವಿಗೆ ಹಿಡಿದು ನಡೆಯಲು ಆಸರೆ ಸಿಗುತ್ತದೆ. ರೂಪ ಒಂದೇ ಇದ್ದು ಅರ್ಥ ಬೇರೆಯಾದ ಕೆಲವು ಪದಗಳಿವೆ, ಅವನ್ನು ಮಾತ್ರ ಮೊದಲೇ ಹೇಳಿಬಿಡಬೇಕು: ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ, ‘ಅವಕಾಶ್’ ಎಂದರೆ ರಜೆ.

ಗಣಿತದಿಂದ ಆರಂಭಿಸುವುದು ಈ ಮಕ್ಕಳಿಗೆ ಹೆಚ್ಚಿನ ಧೈರ್ಯ ಕೊಡುತ್ತದೆ. ಹಿಂದಿ, ಬಂಗಾಳಿ, ಒಡಿಯಾಗಳಲ್ಲಿ ನೂರರವರೆಗಿನ ಸಂಖ್ಯೆಗಳ ಹೆಸರುಗಳನ್ನು ಬಹುಮಟ್ಟಿಗೆ ಒಂದೊಂದಾಗಿ ಬಾಯಿಪಾಠ ಮಾಡಬೇಕು, ಬಿಡಿಯ ಹೆಸರು ಮೊದಲು, ಹತ್ತರ ಹೆಸರು ನಂತರ. ಕನ್ನಡದಲ್ಲಿ ಇಪ್ಪತ್ತು ದಾಟಿದ ಮೇಲೆ ಇಪ್ಪತ್ತಮೂರು, ನಲವತ್ತೇಳು ಎಂದು ಅಂಕಿ ಬರೆಯುವ ಕ್ರಮದಲ್ಲಿಯೇ ಹೆಸರು ಕಟ್ಟಿಕೊಳ್ಳುತ್ತದೆ. ಸ್ವಲ್ಪ ದಿನಗಳಲ್ಲೇ ನೂರರವರೆಗೆ ಎಣಿಸಿದ ಮಗುವಿಗೆ ‘ಈ ಭಾಷೆ ನನಗೂ ಬರುತ್ತದೆ’ ಎಂಬ ನಂಬಿಕೆ ಹುಟ್ಟುತ್ತದೆ. ತೊಡಕು ಬರುವುದು ಮಾತಿನ ಲೆಕ್ಕಗಳಲ್ಲಿ. ಒಟ್ಟು, ಉಳಿದದ್ದು, ತಲಾ, ಹಂಚಿದರೆ, ಹೆಚ್ಚು, ಕಡಿಮೆ, ಪ್ರತಿಯೊಬ್ಬರಿಗೂ ಎಂಬ ಪದಗಳನ್ನು ಹುಣಸೆಬೀಜ ಹಂಚಿ, ಕಡ್ಡಿ ಎಣಿಸಿ ಕಲಿಸದೆ ಅಂಥ ಲೆಕ್ಕಗಳಿಗೆ ಅಂಕ ಕಳೆಯುವುದು ನ್ಯಾಯವಲ್ಲ. ರೂಪಣಾತ್ಮಕ ಮೌಲ್ಯಮಾಪನದಲ್ಲಿ (ಕಲಿಕೆಯ ನಡುವೆಯೇ ಮಾಡುವ ಅಳತೆಯಲ್ಲಿ) ಶಿಕ್ಷಕರಿಗೆ ಸ್ವಾತಂತ್ರ್ಯ ಇದೆ: ಮಗು ಚಿತ್ರ ಬಿಡಿಸಿ ಹೆಸರು ಬರೆಯಲಿ, ವಸ್ತುಗಳನ್ನು ಜೋಡಿಸಿ ತೋರಿಸಲಿ, ತನ್ನ ಭಾಷೆಯಲ್ಲೇ ಹೇಳಲಿ, ಸಹಪಾಠಿ ಅದನ್ನು ಕನ್ನಡಕ್ಕೆ ತಿರುಗಿಸಲಿ.

ತರಗತಿಯಲ್ಲಿ ಮನೆಮಾತಿಗೆ ಜಾಗ

‘ಇಲ್ಲಿ ಕನ್ನಡ ಮಾತ್ರ’ ಎಂಬ ನಿಯಮದಿಂದ ಕನ್ನಡ ಬೇಗ ಬರುತ್ತದೆಂಬ ನಂಬಿಕೆ ತಪ್ಪು. ಒಂದೇ ಮನೆಮಾತಿನ ಇಬ್ಬರು ಮಕ್ಕಳು ಪಾಠದ ವಿಷಯವನ್ನು ತಮ್ಮ ಭಾಷೆಯಲ್ಲಿ ಚರ್ಚಿಸಿ ಕನ್ನಡದಲ್ಲಿ ಉತ್ತರ ಬರೆದರೆ ವಿಷಯವೂ ಗಟ್ಟಿಯಾಗುತ್ತದೆ, ಕನ್ನಡವೂ ಬರುತ್ತದೆ. ಆದರೆ ಅವರನ್ನೆಲ್ಲ ಸದಾ ಒಂದೇ ಬೆಂಚಿನಲ್ಲಿ ಕೂರಿಸಬಾರದು. ದಿನದ ಒಂದು ಭಾಗ ತಮ್ಮವರೊಂದಿಗೆ, ಉಳಿದ ಹೊತ್ತು ಕನ್ನಡದ ಮಕ್ಕಳೊಂದಿಗೆ ಇರಲಿ. ದಖನಿ ಉರ್ದು ಮನೆಯ ಮಕ್ಕಳು ಎರಡೂ ಕಡೆಯ ಮಾತನ್ನು ಬಲ್ಲವರಾದ್ದರಿಂದ ಅನೇಕ ತರಗತಿಗಳಲ್ಲಿ ಅವರೇ ಸೇತುವೆಯಾಗಿದ್ದಾರೆ. ಈ ನೆರವನ್ನು ಎಲ್ಲರೆದುರು ಮೆಚ್ಚಬೇಕು. ಹಾಗೆಂದು ಅವರನ್ನು ಪದೇ ಪದೇ ಪಾಠದಿಂದ ಎಬ್ಬಿಸಿ ಅನುವಾದಕ್ಕೆ ಕರೆದೊಯ್ಯುವುದು, ಮನೆಯ ಕಷ್ಟ, ಕಾಯಿಲೆ, ಜಗಳಗಳ ಮಾತಿಗೆ ಮಕ್ಕಳನ್ನು ನಡುವೆ ನಿಲ್ಲಿಸುವುದು ಸರಿಯಲ್ಲ. ಅಂಥ ಸಂದರ್ಭಗಳಿಗೆ ವಯಸ್ಕರೊಬ್ಬರನ್ನು ಹುಡುಕಬೇಕು.

ಖೋಖೋ, ಲಗೋರಿ, ಕುಂಟೆಬಿಲ್ಲೆಗಳಿಗೆ ಇಷ್ಟು ಹೇಳಿದರೆ ಸಾಕು: ಹೊಸ ಮಗು ಆಟಕ್ಕೆ ಸೇರಿದೆಯೇ ಎಂದು ಪ್ರತಿದಿನ ನೋಡಿ, ಸೇರದಿದ್ದರೆ ಸೇರಿಸಿ.

ತಂದೆತಾಯಿ ಮತ್ತು ನೆರೆಹೊರೆ

ಪೋಷಕರ ಸಭೆಯಲ್ಲಿ ನಾವು ಕೊಡುವ ಒಂದು ಸಲಹೆಯನ್ನು ಕೈಬಿಡಬೇಕು. ‘ಮನೆಯಲ್ಲೂ ಕನ್ನಡದಲ್ಲೇ ಮಾತಾಡಿ’ ಎಂದು ಹೇಳಬೇಡಿ. ತಾಯಿಗೆ ಬರುವ ಹತ್ತಾರು ಕನ್ನಡ ವಾಕ್ಯಗಳಿಂದ ಮಗುವಿಗೆ ಹೆಚ್ಚಿನ ಕನ್ನಡ ಸಿಗದು, ಆದರೆ ಕತೆ, ಗದರಿಕೆ, ಮುದ್ದು, ಬುದ್ಧಿಮಾತುಗಳಿಂದ ತುಂಬಿದ ಮನೆಮಾತು ಮಾತ್ರ ಬಡವಾಗುತ್ತದೆ. ‘ನಿಮ್ಮ ಭಾಷೆಯಲ್ಲಿ ಮಗುವಿನ ಜೊತೆ ಹೆಚ್ಚು ಮಾತಾಡಿ, ಇಂದು ಶಾಲೆಯಲ್ಲಿ ಏನಾಯಿತೆಂದು ಕೇಳಿ’ ಎನ್ನುವುದೇ ಸರಿಯಾದ ಸಲಹೆ. ಸಭೆಯನ್ನು ಭಾನುವಾರ ಅಥವಾ ಸಂಜೆ ಇಟ್ಟರೆ ದಿನಗೂಲಿ ಕಳೆದುಕೊಳ್ಳದೆ ಬರಲು ಅವರಿಗೆ ಸಾಧ್ಯವಾಗುತ್ತದೆ.

ತಂದೆತಾಯಿಗೂ ಕನ್ನಡ ಬೇಕು, ಅವರಲ್ಲಿ ಬಹುತೇಕರಿಗೆ ಕಲಿಯುವ ಆಸೆಯೂ ಇದೆ. ಅವರಿಗೆ ಅಡ್ಡಿಯಾಗಿರುವುದು ನಮ್ಮದೇ ಒಂದು ಅಭ್ಯಾಸ: ಹೊರಗಿನವರೆಂದು ಕಂಡ ಕೂಡಲೇ ನಾವು ನಮಗೆ ಬರುವ ಅರೆಬರೆ ಹಿಂದಿಗೆ ತಿರುಗಿಬಿಡುತ್ತೇವೆ. ಸೌಜನ್ಯದಿಂದಲೇ ಹಾಗೆ ಮಾಡುತ್ತೇವೆ, ಆದರೆ ಅವರು ಕನ್ನಡ ಕೇಳುವ ಅವಕಾಶವನ್ನೇ ಕಸಿದುಕೊಂಡಂತಾಗುತ್ತದೆ. ಅಂಗಡಿಯವರು, ಅಂಗನವಾಡಿ ಕಾರ್ಯಕರ್ತೆಯರು, ಬಸ್ ನಿರ್ವಾಹಕರು, ಅಪಾರ್ಟ್‌ಮೆಂಟಿನ ನಿವಾಸಿಗಳು ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ, ಕೈಸನ್ನೆಯೊಡನೆ ಕನ್ನಡದಲ್ಲೇ ಮಾತಾಡಬೇಕು. ಅರ್ಥವಾಗದಿದ್ದಾಗ ಮಾತ್ರ ಅವರ ಭಾಷೆಯ ನೆರವು ಪಡೆಯಬೇಕು. ಆರೋಗ್ಯ ಮತ್ತು ಕಾನೂನಿನ ವಿಷಯಗಳಲ್ಲಿ ಮಾತ್ರ ಮೊದಲಿನಿಂದಲೇ ಅವರಿಗೆ ತಿಳಿಯುವ ಭಾಷೆಯನ್ನೇ ಬಳಸಬೇಕು. ಭಾಷೆ ಬಾರದೆಂದು ಗದರಿಸುವುದರಿಂದ ಯಾರೂ ಕನ್ನಡ ಕಲಿತಿಲ್ಲ.

ಕನ್ನಡೇತರರಿಗೆ ಕನ್ನಡ ಕಲಿಸಲು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ನೆರವು ಕೇಳಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಸಂಜೆಯ ತರಗತಿಗೆ ತಕ್ಕ ಜಾಗ. ಕಾರ್ಮಿಕರ ವಸತಿಯಲ್ಲೇ ತರಗತಿ ನಡೆಸುವುದಾದರೆ ವರ್ಣಮಾಲೆಯಿಂದ ಶುರುಮಾಡಬೇಡಿ. ಕೂಲಿ ಎಷ್ಟು, ಬಾಕಿ ಎಷ್ಟು, ಮೇಸ್ತ್ರಿ ಎಲ್ಲಿ, ಜ್ವರ ಬಂದಿದೆ, ಈ ಬಸ್ ಎಲ್ಲಿಗೆ ಹೋಗುತ್ತದೆ, ಮಗುವಿಗೆ ಶಾಲೆಯಲ್ಲಿ ಸೀಟು ಬೇಕು ಎಂಬಂಥ ಮಾತುಗಳಿಂದ ಶುರುಮಾಡಿ.

ಖಾಸಗಿ ಶಾಲೆಗಳಿಗೂ ಈ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ 2017-18ರಿಂದ ಒಂದನೆಯ ತರಗತಿಯಿಂದ ಹಂತಹಂತವಾಗಿ, ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಸೇರಿ ಎಲ್ಲೆಡೆ ಕನ್ನಡ ಒಂದು ಭಾಷೆಯಾಗಿ ಬಂದಿದೆ. ಅಲ್ಲಿ ಮಗುವಿಗೆ ಕನ್ನಡ ಸಿಗುವುದು ದಿನಕ್ಕೆ ಒಂದು ಪೀರಿಯಡ್ ಮಾತ್ರ. ಆ ಪೀರಿಯಡ್ ಪ್ರಶ್ನೋತ್ತರ ನಕಲು ಮಾಡುವುದರಲ್ಲೇ ಕಳೆಯದೆ ಮಾತಿಗೆ ಮೀಸಲಾಗಬೇಕು.

ಮಗು ಊರು ಬಿಡುವಾಗ

ಕಟ್ಟಡ ಮುಗಿದರೆ ಕುಟುಂಬ ಬೇರೆ ಕಡೆಗೆ ಹೋಗುತ್ತದೆ. ಛಠ್ ಹಬ್ಬಕ್ಕೆ ಬಿಹಾರಕ್ಕೆ, ದುರ್ಗಾಪೂಜೆಗೆ ಬಂಗಾಳಕ್ಕೆ ಹೋದ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಹಬ್ಬಕ್ಕೆ ಹೋಗುವ ಮಗುವಿನ ಹೆಸರನ್ನು ಹಾಜರಿಯಿಂದ ತೆಗೆಯದೆ, ಚಿತ್ರಗಳಿರುವ ಒಂದೆರಡು ಸಣ್ಣ ಕನ್ನಡ ಪುಸ್ತಕಗಳನ್ನು ಕೈಗೆ ಕೊಟ್ಟು, ಮರಳುವ ದಿನಾಂಕವನ್ನು ಕೇಳಿ ಬರೆದುಕೊಳ್ಳಿ. ಬಂದ ಮೇಲೆ ಕೆಲವು ದಿನ ಕನ್ನಡ ಹಿಂದೆ ಸರಿದಂತೆ ಕಾಣುತ್ತದೆ, ಆದರೆ ಬೇಗ ಮರುಕಳಿಸುತ್ತದೆ.

ಶಾಶ್ವತವಾಗಿ ಹೋಗುವುದಾದರೆ ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡುವುದು ಮುಖ್ಯ ಶಿಕ್ಷಕರ ಕರ್ತವ್ಯ. 5ನೆಯ ಪ್ರಕರಣ ಇದನ್ನೂ ಸ್ಪಷ್ಟವಾಗಿ ಹೇಳಿದೆ. ಅದರ ಜೊತೆ ಒಂದು ಪುಟದ ಕಲಿಕಾ ಟಿಪ್ಪಣಿ ಇರಲಿ. ಮನೆಮಾತು ಯಾವುದು, ಯಾವ ಲಿಪಿಗಳನ್ನು ಓದಬಲ್ಲದು, ಕನ್ನಡದಲ್ಲಿ ಎಲ್ಲಿಯವರೆಗೆ ಬಂದಿದೆ, ಗಣಿತದಲ್ಲಿ ಯಾವ ಮಟ್ಟದಲ್ಲಿದೆ, ಯಾವುದರಲ್ಲಿ ಆಸಕ್ತಿ ಎಂಬುದನ್ನು ಕನ್ನಡದಲ್ಲೂ ಹಿಂದಿ ಅಥವಾ ಇಂಗ್ಲಿಷಿನಲ್ಲೂ ಬರೆದು ಮೊಹರು ಹಾಕಿ ಕೊಡಬೇಕು, ಅದರ ಚಿತ್ರವನ್ನು ತಂದೆಯ ಮೊಬೈಲಿಗೂ ಕಳುಹಿಸಬೇಕು, ಕಾಗದ ಪ್ರಯಾಣದಲ್ಲಿ ಕಳೆದುಹೋಗುವುದು ಸಾಮಾನ್ಯ. ಕರ್ನಾಟಕದೊಳಗೇ ಬೇರೆ ಊರಿಗೆ ಹೋಗುವುದಾದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಆ ಊರಿನ ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರ ದೂರವಾಣಿ ಸಂಖ್ಯೆಯನ್ನು ಪಡೆದು, ಮಗು ಅಲ್ಲಿಗೆ ತಲುಪುವ ಮೊದಲೇ ಅವರೊಂದಿಗೆ ಮಾತಾಡಿ, ಯಾವ ತರಗತಿಗೆ ಸೇರಿಸಬೇಕೆಂಬುದನ್ನು ತಿಳಿಸಿಬಿಡಿ.